ಬಿದಿರಿನ ಕ್ಯಾಲಸ್‌ನಲ್ಲಿ ಪೆರಾಕ್ಸಿಡೇಸ್ ಏರಿದರೆ ಭ್ರೂಣ ಬರುತ್ತಿದೆ ಎಂದೇ ಅರ್ಥವಾ?

ಪ್ರಶ್ನೆ: ಕಿರುಬಿದಿರು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆ ಕಿರುಬಿದಿರಿನ ಟಿಶ್ಯೂ ಕಲ್ಚರ್ ತೆಗೆದುಕೊಂಡಿದ್ದೇನೆ. ಭದ್ರಾವತಿ ಕಡೆ ಒಂದು ಮೆಳೆ ಹೂ ಬಿಟ್ಟಿತ್ತು, ಅದರ ಬೀಜ ಸಿಕ್ಕಿತು. ಹೊಟ್ಟು ಬಿಡಿಸಿ, ಸ್ಟೆರಿಲೈಸ್ ಮಾಡಿ, ಎಂಎಸ್ ಮೀಡಿಯಂನಲ್ಲಿ (ಅಂಗಾಂಶ ಬೆಳೆಸುವ ಪೋಷಕಾಂಶದ ಮಿಶ್ರಣ) ಇಟ್ಟೆ. ಲೀಟರಿಗೆ 3 ಮಿಲಿಗ್ರಾಂ 2,4-ಡಿ ಅನ್ನೋ ಬೆಳವಣಿಗೆ ಹಾರ್ಮೋನ್ ಹಾಕಿದ್ದೆ. ಕೆಲವು ವಾರ ಕತ್ತಲಲ್ಲಿ ಬಿಟ್ಟ ಮೇಲೆ ಕ್ಯಾಲಸ್ (ಇನ್ನೂ ಬೇರು, ಚಿಗುರು ಅಂತ ರೂಪ ಪಡೆಯದ ಕೋಶಗಳ ಮುದ್ದೆ) ಬಂತು.

ಬಂದದ್ದು ಎರಡು ಥರ. ಒಂದು ಕೆನೆ ಬಣ್ಣದ್ದು. ಗಟ್ಟಿಯಾಗಿದೆ, ಮೇಲೆಲ್ಲ ಸಣ್ಣ ಸಣ್ಣ ಗಂಟು. ಇನ್ನೊಂದು ಮೆತ್ತಗೆ, ನೀರು ನೀರಾಗಿದೆ. ಇಕ್ಕಳದಲ್ಲಿ ಹಿಡಿದರೆ ಹರಡಿಕೊಳ್ಳುತ್ತದೆ. ಮೊದಲನೆಯದನ್ನು 2,4-ಡಿ ಕಡಿಮೆ ಮಾಡಿ ಸ್ವಲ್ಪ ಕೈನೆಟಿನ್ (ಇನ್ನೊಂದು ಹಾರ್ಮೋನ್) ಸೇರಿಸಿದ ಮೀಡಿಯಂಗೆ ಬದಲಾಯಿಸಿದೆ. ಅದರಲ್ಲಿ ದುಂಡು ಕಾಳುಗಳ ಹಾಗೆ ಭ್ರೂಣ ಏಳುತ್ತಿವೆ. ಕೆಲವಕ್ಕೆ ಹಸಿರು ಮೊನೆ ಕೂಡ ಬಂದಿದೆ. ಎರಡನೆಯದು ಅಲ್ಲೇ ಕಂದಾಗಿ ಕೂತಿದೆ.

ವಾರ ವಾರ ಸ್ಯಾಂಪಲ್ ತೆಗೆದು ಮೂರು ಎಂಜೈಮ್ ನೋಡುತ್ತಿದ್ದೇನೆ: ಪೆರಾಕ್ಸಿಡೇಸ್, ಕ್ಯಾಟಲೇಸ್ ಮತ್ತು ಎಸ್‌ಒಡಿ (ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್). ಮೀಡಿಯಂ ಬದಲಾಯಿಸಿದ ಮೊದಲ ವಾರದಿಂದಲೇ ಪೆರಾಕ್ಸಿಡೇಸ್ ಏರುತ್ತದೆ. ಭ್ರೂಣ ಕಣ್ಣಿಗೆ ಕಾಣೋದು ಆಮೇಲೆ. ಹಾಗಾಗಿ "ಪೆರಾಕ್ಸಿಡೇಸ್ ಏರಿಕೆ ಭ್ರೂಣ ಬರುವುದರ ಮುನ್ಸೂಚನೆ" ಎಂದು ಬರೆಯಬಹುದು ಅಂತ ಗೈಡ್ ಹೇಳುತ್ತಾರೆ. ಗ್ರಾಫ್ ಕೂಡ ಚೆನ್ನಾಗಿ ಬಂದಿದೆ.

ತೊಂದರೆ ಏನಂದ್ರೆ, ಸುಮ್ನೆ ಕುತೂಹಲಕ್ಕೆ ಅಂತ ಆ ಕಂದಾದ ನೀರು ಕ್ಯಾಲಸ್‌ನಲ್ಲೂ ನೋಡಿದೆ. ಅದರಲ್ಲಿ ಪೆರಾಕ್ಸಿಡೇಸ್ ಇನ್ನೂ ಜಾಸ್ತಿ ಇದೆ! ಅಲ್ಲಿ ಭ್ರೂಣದ ಸುಳಿವೇ ಇಲ್ಲ. ಪೇಪರ್ ಓದಿದರೆ ಒಬ್ಬರು ಏರುತ್ತದೆ ಅಂತಾರೆ, ಇನ್ನೊಬ್ಬರು ಇಳಿಯುತ್ತದೆ ಅಂತಾರೆ. ಕಂದು ಕ್ಯಾಲಸ್‌ನ ಲೆಕ್ಕ ಬಿಟ್ಟು ಬರೆಯಲು ನನಗೆ ಮನಸ್ಸಿಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಇನ್ನೊಂದು ವಿಷಯ, ಮಳೆಗಾಲದ ಸ್ಯಾಂಪಲ್‌ಗಳಲ್ಲಿ ಕ್ಯಾಟಲೇಸ್ ತೀರಾ ಕಡಿಮೆ ಬಂದಿದೆ. ಅದಕ್ಕೂ ಏನಾದರೂ ಅರ್ಥ ಇದೆಯಾ?

ಉತ್ತರ: ಲ್ಯಾಬ್ ಹುಡುಗ, ಸಾಗರ

ಬ್ಲ್ಯಾಂಕ್ (ಹೋಲಿಕೆಗೆ ಇಡುವ ಸ್ಯಾಂಪಲ್) ಏನು ಇಟ್ಟಿದ್ದೀರಿ? ಹೈಡ್ರೋಜನ್ ಪೆರಾಕ್ಸೈಡ್ ಹಾಕದ ಒಂದು ಕ್ಯುವೆಟ್ (ಬೆಳಕು ಹಾಯಿಸಿ ಬಣ್ಣ ಓದುವ ಪುಟ್ಟ ಪಾತ್ರೆ), ಕುದಿಸಿದ ಸಾರದ ಒಂದು ಕ್ಯುವೆಟ್, ಎರಡೂ ಇರಬೇಕು. ಕಂದು ಕ್ಯಾಲಸ್‌ನ ಸಾರಕ್ಕೆ ತನ್ನದೇ ಬಣ್ಣ ಇರುತ್ತದೆ. 470 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಓದುವಾಗ ಆ ಬಣ್ಣವೂ ಲೆಕ್ಕಕ್ಕೆ ಬಂದುಬಿಟ್ಟಿರಬಹುದು. ಒಂದೇ ಸಲ ರೀಡಿಂಗ್ ತೆಗೆದುಕೊಂಡರೆ ಸಾಲದು. ಶುರುವಿನಿಂದಲೇ ಸೆಕೆಂಡುಗಳ ಲೆಕ್ಕದಲ್ಲಿ ಓದುತ್ತಾ ಹೋಗಿ, ಎಷ್ಟು ವೇಗವಾಗಿ ಏರುತ್ತದೆ ಅನ್ನೋದನ್ನು ತಗೊಳ್ಳಿ.

ಕುದಿಸುವುದನ್ನೂ ಸರಿಯಾಗಿ ಕುದಿಸಿ. ಪೆರಾಕ್ಸಿಡೇಸ್ ಹಟಮಾರಿ ಎಂಜೈಮ್. ಒಂದೆರಡು ನಿಮಿಷ ಬಿಸಿ ಮಾಡಿ ಬಿಟ್ಟರೆ ಆಮೇಲೆ ಸ್ವಲ್ಪ ಚೇತರಿಸಿಕೊಳ್ಳುವುದೂ ಉಂಟು. ತರಕಾರಿ ಫ್ರೀಜ್ ಮಾಡುವ ಕಾರ್ಖಾನೆಗಳಲ್ಲಿ ಕಾಯಿ ಸರಿಯಾಗಿ ಬೆಂದಿತಾ ಅಂತ ನೋಡಲು ಇದೇ ಎಂಜೈಮನ್ನು ಪರೀಕ್ಷೆ ಮಾಡುತ್ತಾರೆ. ಇದು ಸತ್ತರೆ ಉಳಿದವೂ ಸತ್ತಿರುತ್ತವೆ ಅಂತ.

ಉತ್ತರ: ತೀರ್ಥಹಳ್ಳಿ ಅಕ್ಕ

ತಂಗಿ, ಕಂದು ಕ್ಯಾಲಸ್‌ನ ಆ ರೀಡಿಂಗನ್ನು ಯಾವ ಕಾರಣಕ್ಕೂ ಬಿಡಬೇಡಿ. ನಿಮ್ಮ ಇಡೀ ಕೆಲಸದಲ್ಲಿ ಅದಕ್ಕಿಂತ ಬೆಲೆಬಾಳುವ ಅಂಕಿ ಇನ್ನೊಂದಿಲ್ಲ. ನಾನು ಬಹಳ ವರ್ಷ ಕಲ್ಚರ್ ರೂಮಿನಲ್ಲಿ ಕೆಲಸ ಮಾಡಿದವಳು. ಬಾಳೆ, ಏಲಕ್ಕಿ, ಬಿದಿರು ಎಲ್ಲ ಮಾಡಿದ್ದೇನೆ. ಬಿದಿರಿನಷ್ಟು ಬೇಗ ಕಂದಾಗುವ ಗಿಡ ಕಡಿಮೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪೆರಾಕ್ಸಿಡೇಸ್ ಮಾಡುವ ಕೆಲಸ ಒಂದಲ್ಲ. ಹೈಡ್ರೋಜನ್ ಪೆರಾಕ್ಸೈಡನ್ನು ಬಳಸಿಕೊಂಡು ಬೇರೆ ವಸ್ತುಗಳನ್ನು ಆಕ್ಸಿಡೈಸ್ ಮಾಡುತ್ತದೆ. ಆ ಬೇರೆ ವಸ್ತು ಯಾವುದು ಅನ್ನೋದರ ಮೇಲೆ ಎಲ್ಲ ನಿಂತಿದೆ. ಕೋಶದ ಗೋಡೆಯಲ್ಲಿ ಲಿಗ್ನಿನ್ ಕೂಡಿಸುವಾಗ ಇದು ಬೇಕು. ಗೋಡೆ ಬಿಗಿಯಾಗಿ ಕೋಶ ಹಿಗ್ಗುವುದನ್ನು ನಿಲ್ಲಿಸಬೇಕಾದರೆ ಇದು ಬೇಕು. ಗಿಡದ ಸ್ವಂತ ಆಕ್ಸಿನ್ ಆದ ಐಎಎಯನ್ನು ಒಡೆಯುವುದೂ ಇದೇ. ಗಾಯವಾದರೆ ಏರುತ್ತದೆ. ಬೂಷ್ಟು ತಗುಲಿದರೆ ಏರುತ್ತದೆ. ಅಂಗಾಂಶ ಮುದಿಯಾದರೂ ಏರುತ್ತದೆ. ಜೊತೆಗೆ ಈ ಹೆಸರಿನಲ್ಲಿ ಇರುವುದು ಒಂದೇ ಪ್ರೋಟೀನ್ ಅಲ್ಲ. ಅರಾಬಿಡಾಪ್ಸಿಸ್ ಅನ್ನೋ ಸಾಸಿವೆ ಕುಟುಂಬದ ಪುಟ್ಟ ಗಿಡದಲ್ಲೇ ಈ ವರ್ಗದ ಪೆರಾಕ್ಸಿಡೇಸ್‌ಗಳಿಗೆ 73 ಜೀನ್‌ಗಳಿವೆ. ನೀವು ಗ್ವಾಯಕಾಲ್ ಅನ್ನೋ ಬಣ್ಣ ಕೊಡುವ ವಸ್ತು ಹಾಕಿ ನೋಡುವಾಗ ಕ್ಯುವೆಟ್‌ನಲ್ಲಿ ಕೇಸರಿ ಮಿಶ್ರಿತ ಕಂದು ಬಣ್ಣ ಏರುತ್ತದಲ್ವಾ, ಅದು ಅಲ್ಲಿರುವ ಎಲ್ಲ ಪೆರಾಕ್ಸಿಡೇಸ್‌ಗಳ ಒಟ್ಟು ಮೊತ್ತ. ಯಾರು ಎಷ್ಟು ಕೆಲಸ ಮಾಡಿದರು ಅಂತ ಆ ಬಣ್ಣ ಹೇಳುವುದಿಲ್ಲ.

ಪೇಪರ್‌ಗಳಲ್ಲಿ ಒಬ್ಬರು ಏರುತ್ತದೆ, ಒಬ್ಬರು ಇಳಿಯುತ್ತದೆ ಅನ್ನೋದು ಇದೇ ಕಾರಣಕ್ಕೆ. ಗಿಡ ಬೇರೆ, ಸ್ಯಾಂಪಲ್ ತೆಗೆದ ಹಂತ ಬೇರೆ, ಹೋಲಿಸಿದ್ದು ಯಾವುದಕ್ಕೆ ಅನ್ನೋದೂ ಬೇರೆ.

ಹಾಗಂತ ಪೆರಾಕ್ಸಿಡೇಸ್‌ಗೂ ಭ್ರೂಣಕ್ಕೂ ಸಂಬಂಧವೇ ಇಲ್ಲ ಅಂತ ಅಂದುಕೊಳ್ಳಬೇಡಿ. ಇದೆ, ಅದೂ ಗಟ್ಟಿಯಾದ ಸಾಕ್ಷಿಯ ಸಮೇತ ಇದೆ. ಆದರೆ ಆ ಸಾಕ್ಷಿ ಸಿಕ್ಕಿದ್ದು ಕ್ಯಾರೆಟ್‌ನಲ್ಲಿ. ಬೀಜದ ಗೊಡವೆಯೇ ಇಲ್ಲದೆ ಮಾಮೂಲಿ ಕೋಶದಿಂದ ಭ್ರೂಣ ಬರುತ್ತದೆ ಅಂತ 1958ರ ಹೊತ್ತಿಗೆ ಸ್ಟೀವರ್ಡ್ ಮತ್ತು ರೈನರ್ಟ್ ಬೇರೆ ಬೇರೆಯಾಗಿ ತೋರಿಸಿದ್ದೂ ಕ್ಯಾರೆಟ್‌ನಲ್ಲೇ. 1991ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಕ್ಯಾರೆಟ್ ಕಲ್ಚರಿಗೆ ಟ್ಯೂನಿಕಾಮೈಸಿನ್ ಹಾಕಿದರು. ಅದು ಪ್ರೋಟೀನ್‌ಗಳಿಗೆ ಸಕ್ಕರೆ ಸರಪಳಿ ಅಂಟುವುದನ್ನು ತಡೆಯುತ್ತದೆ. ಭ್ರೂಣ ಬರುವುದು ನಿಂತಿತು. ಆಮೇಲೆ ಆರೋಗ್ಯವಾಗಿದ್ದ ಕಲ್ಚರ್‌ನ ಕೋಶಗಳು ಮೀಡಿಯಂಗೆ ಬಿಟ್ಟಿದ್ದ ಪ್ರೋಟೀನನ್ನು ತಂದು ಹಾಕಿದರು. ಭ್ರೂಣ ಮತ್ತೆ ಬರತೊಡಗಿತು. ಆ ಪ್ರೋಟೀನ್ ಯಾವುದು ಅಂತ ಹುಡುಕಿದರೆ, ಒಂದು ಪೆರಾಕ್ಸಿಡೇಸ್! ಮರುವರ್ಷ ಅವರೇ ಇನ್ನೊಂದು ಕೆಲಸ ಮಾಡಿದರು. ಒಂದು ಕ್ಯಾರೆಟ್ ತಳಿಯಲ್ಲಿ ಉಷ್ಣಾಂಶ ಏರಿದರೆ ಭ್ರೂಣ ದುಂಡು ಹಂತದಲ್ಲೇ ನಿಂತುಬಿಡುತ್ತಿತ್ತು. ಅದನ್ನು ಮುಂದಕ್ಕೆ ದಾಟಿಸಿದ್ದು ಕೈಟಿನೇಸ್ ಅನ್ನೋ ಎಂಜೈಮ್.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದ್ರೆ, ಅವರು ಬರೀ ಗ್ರಾಫ್ ತೋರಿಸಲಿಲ್ಲ. ತೆಗೆದರು, ಭ್ರೂಣ ನಿಂತಿತು. ಹಾಕಿದರು, ಭ್ರೂಣ ಬಂತು. ಆಗ ಮಾತ್ರ "ಇದರಿಂದ ಅದು" ಅಂತ ಹೇಳಲು ಬಾಯಿ ಬರುತ್ತದೆ. ಎರಡು ಗೆರೆ ಒಟ್ಟಿಗೆ ಏರಿದವು ಅನ್ನೋದರಿಂದ ಅಷ್ಟು ದೊಡ್ಡ ಮಾತು ಹೇಳಲು ಆಗುವುದಿಲ್ಲ.

ಈಗ ನಿಮ್ಮ ಬಾಟಲಿಗಳ ವಿಷಯ.

ನೀವು ಕೆನೆ ಕ್ಯಾಲಸನ್ನು ಕತ್ತರಿಸಿ, ಹೊಸ ಮೀಡಿಯಂಗೆ ಹಾಕುತ್ತೀರಿ. ಕತ್ತರಿಸಿದ್ದೇ ಗಾಯ. ಜಾಗ ಬದಲಾದದ್ದೂ ಒಂದು ಏಟು. ಮೊದಲ ವಾರದ ಏರಿಕೆ ಭ್ರೂಣದ್ದಾ, ಗಾಯದ್ದಾ? ಈಗಿರುವ ಅಂಕಿಗಳಿಂದ ಹೇಳಲು ಬರುವುದಿಲ್ಲ. ಅದಕ್ಕೆ ಇನ್ನೊಂದು ಸಾಲು ಬಾಟಲಿ ಬೇಕು. ಅದೇ ಕೆನೆ ಕ್ಯಾಲಸ್, ಅದೇ ದಿನ, ಅದೇ ಗಾತ್ರಕ್ಕೆ ಕತ್ತರಿಸಿ, ಹಳೆಯ 2,4-ಡಿ ಪ್ರಮಾಣವೇ ಇರುವ ಹೊಸ ಮೀಡಿಯಂಗೆ ಹಾಕಿ. ಅಲ್ಲಿ ಭ್ರೂಣ ಮುಂದುವರಿಯುವುದಿಲ್ಲ, ಆದರೆ ಗಾಯ ಮಾತ್ರ ಆಗಿರುತ್ತದೆ. ಅದರಲ್ಲೂ ಪೆರಾಕ್ಸಿಡೇಸ್ ಅಷ್ಟೇ ಏರಿದರೆ ಮೊದಲ ವಾರದ ಕಥೆ ಮುಗಿಯಿತು. ಅಲ್ಲಿ ಏರಿ ಇಳಿದು, ಭ್ರೂಣ ಬರುವ ಸಾಲಿನಲ್ಲಿ ಮಾತ್ರ ಎರಡನೇ, ಮೂರನೇ ವಾರಕ್ಕೂ ಉಳಿದರೆ, ಆಗ ನಿಮ್ಮ ಕೈಯಲ್ಲಿ ಏನೋ ಇದೆ. ನೀರು ಕ್ಯಾಲಸನ್ನೂ ಎರಡೂ ಮೀಡಿಯಂಗೆ ಹಾಕಿ, ಅದೇ ದಿನಗಳಲ್ಲಿ ತೆಗೆಯಿರಿ. ಕಂದಾಗುವ ಮೊದಲೇ ಒಂದು ಸ್ಯಾಂಪಲ್ ತೆಗೆಯುವುದು ಮರೆಯಬೇಡಿ. ಈಗ ನೀವು ಹೋಲಿಸುತ್ತಿರುವುದು ಬೆಳೆಯುತ್ತಿರುವ ಕ್ಯಾಲಸನ್ನು ಸಾಯುತ್ತಿರುವ ಕ್ಯಾಲಸಿನ ಜೊತೆ.

ಕಂದು ಕ್ಯಾಲಸ್‌ನಲ್ಲಿ ಯಾಕೆ ಅಷ್ಟು ಜಾಸ್ತಿ ಬಂತು? ಒಂದು ಕಾರಣ ನಿಜವಾದ ಏರಿಕೆಯೇ ಇರಬಹುದು. ಇನ್ನೊಂದು ಕಾರಣ ಭಾಗಾಕಾರದಲ್ಲಿ ಅಡಗಿದೆ. ನೀವು ಒಂದು ಮಿಲಿಗ್ರಾಂ ಪ್ರೋಟೀನಿಗೆ ಇಷ್ಟು ಅಂತ ಲೆಕ್ಕ ಹಾಕಿರುತ್ತೀರಿ, ಅಲ್ವಾ? ಸಾಯುವ ಅಂಗಾಂಶದಲ್ಲಿ ಪ್ರೋಟೀನ್ ಕರಗುತ್ತಾ ಹೋಗುತ್ತದೆ. ಪೆರಾಕ್ಸಿಡೇಸ್ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಛೇದ ಸಣ್ಣದಾದರೆ ಉತ್ತರ ದೊಡ್ಡದಾಗುತ್ತದೆ. ಎಂಜೈಮ್ ಒಂದು ಚೂರೂ ಹೆಚ್ಚದೆ ಗ್ರಾಫ್ ಮೇಲೇರುತ್ತದೆ. ಒಂದು ಗ್ರಾಂ ಹಸಿ ತೂಕಕ್ಕೆ ಎಷ್ಟು ಅಂತಲೂ ಹಾಕಿ ನೋಡಿ. ನೀರು ಕ್ಯಾಲಸ್‌ನಲ್ಲಿ ನೀರೇ ತುಂಬಿರುವುದರಿಂದ ಆ ಲೆಕ್ಕ ಅದನ್ನು ಕಡಿಮೆ ತೋರಿಸುತ್ತದೆ. ಹಾಗಾಗಿ ಒಣ ತೂಕದ ಲೆಕ್ಕವೂ ಬೇಕು. ಮೂರರಲ್ಲೂ ಒಂದೇ ದಿಕ್ಕು ಕಂಡರೆ ನಂಬಬಹುದು.

ಇನ್ನು ಅರೆಯುವ ಕೆಲಸ. ಬಾಳೆದಿಂಡು ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕುತ್ತೇವೆ, ಇಲ್ಲದಿದ್ದರೆ ಕಪ್ಪಾಗುತ್ತದೆ. ನಿಮ್ಮ ಬಿದಿರಿನ ಕ್ಯಾಲಸ್‌ನಲ್ಲಿ ನಡೆಯುವುದೂ ಅದೇ. ಪಾಲಿಫೀನಾಲ್ ಆಕ್ಸಿಡೇಸ್ ಅನ್ನೋ ಎಂಜೈಮ್ ಫೀನಾಲ್‌ಗಳನ್ನು ಕ್ವಿನೋನ್ ಮಾಡುತ್ತದೆ, ಅವು ಕೂಡಿಕೊಂಡು ಕಂದು ಬಣ್ಣವಾಗುತ್ತವೆ. ಹುಳಿ ಇದ್ದರೆ ಆ ಎಂಜೈಮಿಗೆ ಕೈಕಟ್ಟಿದಂತಾಗುತ್ತದೆ. ಮೀಡಿಯಂಗೆ ಸಿಟ್ರಿಕ್ ಆಸಿಡ್, ಆಸ್ಕಾರ್ಬಿಕ್ ಆಸಿಡ್ ಹಾಕುವುದೂ ಕಂದಾಗುವುದನ್ನು ತಡೆಯಲಿಕ್ಕೇ. ಅರೆಯುವಾಗ ಮಾತ್ರ ಹುಳಿ ಮಾಡುವ ಹಾಗಿಲ್ಲ, ಬಫರ್ ಪಿಎಚ್ 7ರ ಹತ್ತಿರ ಇರಬೇಕು. ಅಲ್ಲಿ ಪಿವಿಪಿ ಹಾಕಬೇಕು. ಅದು ಫೀನಾಲನ್ನು ಹಿಡಿದುಕೊಳ್ಳುತ್ತದೆ. ಹಾಕದಿದ್ದರೆ ಕ್ವಿನೋನ್‌ಗಳು ಪ್ರೋಟೀನಿಗೆ ಅಂಟಿಕೊಂಡು ಎಂಜೈಮನ್ನೇ ಕೆಡಿಸುತ್ತವೆ.

ಒರಳನ್ನು ಮೊದಲೇ ಫ್ರೀಜರ್‌ನಲ್ಲಿ ಇಟ್ಟು ತಣ್ಣಗೆ ಮಾಡಿ. ಐಸಿನ ಮೇಲೆ ಕೂರಿಸಿ ಅರೆಯಿರಿ. ಸಾರ ಹಾಲು ಬಣ್ಣದಲ್ಲೋ ತಿಳಿ ಹಳದಿಯಲ್ಲೋ ಇದ್ದರೆ ಸರಿ. ಒರಳಿನಲ್ಲೇ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಆ ಸ್ಯಾಂಪಲಿನ ಅಂಕಿ ಬರೆದುಕೊಳ್ಳಬೇಡಿ. ಪಿವಿಪಿ ಹೆಚ್ಚಿಸಿ ಮತ್ತೆ ಅರೆಯಿರಿ. ಪ್ರೋಟೀನ್ ಅಳೆಯಲು ಲೌರಿ ವಿಧಾನ ಬೇಡ, ಫೀನಾಲ್ ಇದ್ದರೆ ಅದು ಸುಳ್ಳು ಹೇಳುತ್ತದೆ. ಬ್ರಾಡ್‌ಫೋರ್ಡ್ ಮಾಡಿ.

ಎಸ್‌ಒಡಿ ಮತ್ತು ಕ್ಯಾಟಲೇಸನ್ನು ಒಟ್ಟಿಗೆ ಇಟ್ಟು ಓದಿ. ಎಸ್‌ಒಡಿ ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಕ್ಯಾಟಲೇಸ್, ಪೆರಾಕ್ಸಿಡೇಸ್ ಅದನ್ನು ಖರ್ಚು ಮಾಡುತ್ತವೆ. ಎಸ್‌ಒಡಿ ಏರಿ ಕ್ಯಾಟಲೇಸ್ ಇಳಿದರೆ ಪೆರಾಕ್ಸೈಡ್ ಕೂಡಿಕೊಳ್ಳುತ್ತದೆ. ಸ್ವಲ್ಪ ಕೂಡಿದರೆ ಅದು ಕೋಶಕ್ಕೆ ಸಂದೇಶದ ಹಾಗೆ ಕೆಲಸ ಮಾಡುತ್ತದೆ. ಕೆಲವು ಗಿಡಗಳಲ್ಲಿ ಭ್ರೂಣ ಬರಲು ಇದು ನೆರವಾಗುತ್ತದೆ ಅಂತಲೂ ತೋರಿಸಿದ್ದಾರೆ. ಮಿತಿ ಮೀರಿದರೆ ಕೋಶ ಸಾಯುತ್ತದೆ. ನಿಮ್ಮ ಎರಡು ಕ್ಯಾಲಸ್‌ಗಳ ವ್ಯತ್ಯಾಸ ಇಲ್ಲೇ ಇರಬಹುದು ಅಂತ ನನ್ನ ಊಹೆ. ಹಾಗಾಗಿ ಎಂಜೈಮ್ ಜೊತೆಗೆ ಪೆರಾಕ್ಸೈಡ್ ಎಷ್ಟಿದೆ ಅನ್ನೋದನ್ನೂ ಅಳೆಯಿರಿ. ಅದಿಲ್ಲದೆ ಮೂರು ಗ್ರಾಫ್ ಮೂರು ದಿಕ್ಕಿಗೆ ಮಾತಾಡುತ್ತವೆ.

ಕೊನೆಗೆ ಮೈಕ್ರೋಸ್ಕೋಪ್. ಪ್ರತಿ ಸ್ಯಾಂಪಲ್ ದಿನ ಒಂದು ಚೂರು ಕ್ಯಾಲಸ್ ಸ್ಲೈಡಿನ ಮೇಲೆ ಹಿಸುಕಿ, ಅಸಿಟೋಕಾರ್ಮಿನ್ ಹಾಕಿ, ಆಮೇಲೆ ಇವಾನ್ಸ್ ಬ್ಲೂ ಹಾಕಿ. ಭ್ರೂಣವಾಗುವ ಕೋಶಗಳು ಸಣ್ಣಗೆ, ಒತ್ತೊತ್ತಾಗಿ, ಕೆಂಪು ಬಣ್ಣ ಹೀರಿಕೊಂಡು ಕಾಣುತ್ತವೆ. ಉಳಿದವು ಉದ್ದಕ್ಕೆ, ಒಳಗೆ ಖಾಲಿ ಖಾಲಿ, ನೀಲಿ. ಖರ್ಚು ಕಡಿಮೆ, ಸಮಯವೂ ಹೆಚ್ಚು ಬೇಡ. ಪೆರಾಕ್ಸಿಡೇಸ್ ಏರಿದ ದಿನ ಕೆಂಪು ಗುಂಪುಗಳು ಇದ್ದವಾ ಇಲ್ಲವಾ, ಅದನ್ನು ಬರೆದಿಡಿ. ಭ್ರೂಣ ಕಣ್ಣಿಗೆ ಕಾಣುವ ದಿನ ಅದು ಶುರುವಾದ ದಿನ ಅಲ್ಲ. "ಮುನ್ಸೂಚನೆ" ಅನ್ನಬೇಕಾದರೆ ಶುರುವಾದ ದಿನ ಗೊತ್ತಿರಬೇಕು.

ಪ್ರತಿಕ್ರಿಯೆ: ಕಿರುಬಿದಿರು

ಅಕ್ಕಾ, ತುಂಬಾ ಧನ್ಯವಾದ. ಛೇದದ ವಿಷಯ ಓದಿದ ಕೂಡಲೇ ಲೆಕ್ಕ ತೆಗೆದು ನೋಡಿದೆ. ಕಂದು ಕ್ಯಾಲಸ್‌ನ ಪ್ರೋಟೀನ್ ಕೆನೆಯದಕ್ಕಿಂತ ಅರ್ಧಕ್ಕೂ ಕಡಿಮೆ ಇದೆ! ಹಸಿ ತೂಕಕ್ಕೆ ಹಾಕಿದರೆ ಎರಡರ ನಡುವೆ ಹೆಚ್ಚು ಅಂತರವೇ ಉಳಿಯುವುದಿಲ್ಲ. ಒಣ ತೂಕ ತೆಗೆದಿಟ್ಟಿಲ್ಲ, ಮುಂದಿನ ಸಬ್‌ಕಲ್ಚರ್‌ನಿಂದ (ಹೊಸ ಮೀಡಿಯಂಗೆ ಬದಲಾಯಿಸುವಾಗಿನಿಂದ) ತೆಗೆಯುತ್ತೇನೆ. ಗೈಡ್‌ಗೂ ತೋರಿಸಿದೆ, ಹೆಚ್ಚುವರಿ ಬಾಟಲಿ ಸಾಲು ಇಡಲು ಒಪ್ಪಿದ್ದಾರೆ.

ಪಿವಿಪಿ ಹಾಕುತ್ತಿದ್ದೇನೆ. ಆದರೂ ಕಂದು ಕ್ಯಾಲಸ್‌ನ ಸಾರ ಡಿಕಾಕ್ಷನ್ ಬಣ್ಣಕ್ಕೇ ಬರುತ್ತದೆ. ಮೀಡಿಯಂಗೆ ಆಕ್ಟಿವೇಟೆಡ್ ಚಾರ್‌ಕೋಲ್ ಹಾಕಿದರೆ ಕಂದಾಗುವುದು ಕಡಿಮೆ ಆಗುತ್ತದಾ? ಕ್ಯಾಟಲೇಸ್ ಪ್ರಶ್ನೆಯೂ ಹಾಗೇ ಉಳಿದಿದೆ.

ಉತ್ತರ: ಲ್ಯಾಬ್ ಹುಡುಗ, ಸಾಗರ

ಕ್ಯಾಟಲೇಸ್ ಬಗ್ಗೆ ನಾನು ಹೇಳುತ್ತೇನೆ. ಮಳೆಗಾಲದ ಸ್ಯಾಂಪಲ್ ಅಂದಿರಿ. ಅವನ್ನು ತೆಗೆದ ದಿನವೇ ಅರೆದಿರಾ, ಇಲ್ಲ ಫ್ರೀಜರ್‌ನಲ್ಲಿಟ್ಟು ಒಟ್ಟಿಗೆ ಮಾಡಿದಿರಾ? ಮಳೆ ಶುರುವಾದರೆ ನಮ್ಮ ಕಡೆ ಕರೆಂಟಿನ ಪಾಡು ಗೊತ್ತಲ್ಲ. ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಇಡೀ ದಿನ ಇಲ್ಲ. ಫ್ರೀಜರ್ ಕರಗುತ್ತದೆ, ಕರೆಂಟ್ ಬಂದ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗದ ಹಾಗೆ ಕಾಣುತ್ತದೆ.

ಕ್ಯಾಟಲೇಸ್ ಇದನ್ನು ತಡೆಯುವುದಿಲ್ಲ. ಹೆಪ್ಪುಗಟ್ಟಿ ಕರಗಿದರೆ ಅದರ ಶಕ್ತಿ ಬಿದ್ದುಹೋಗುತ್ತದೆ. ಪೆರಾಕ್ಸಿಡೇಸ್ ಹಾಗೇ ಉಳಿಯುತ್ತದೆ. ಆಗ ನಿಮ್ಮ ಗ್ರಾಫಿನಲ್ಲಿ ಏನು ಕಾಣುತ್ತದೆ ನೋಡಿ. ಪೆರಾಕ್ಸಿಡೇಸ್ ಮೇಲೆ, ಕ್ಯಾಟಲೇಸ್ ಕೆಳಗೆ. ಅಕ್ಕ ಹೇಳಿದ "ಪೆರಾಕ್ಸೈಡ್ ಕೂಡಿಕೊಳ್ಳುತ್ತಿದೆ" ಅನ್ನೋ ಕಥೆಗೆ ಸರಿಯಾಗಿ ಹೊಂದುತ್ತದೆ. ಆದರೆ ಅದು ಬಿದಿರಿನ ಕಥೆ ಆಗಿರುವುದಿಲ್ಲ, ಫ್ರೀಜರ್‌ನ ಕಥೆ ಆಗಿರುತ್ತದೆ.

ಪರೀಕ್ಷೆ ಸುಲಭ. ಒಂದೇ ಕ್ಯಾಲಸನ್ನು ಎರಡು ಪಾಲು ಮಾಡಿ. ಒಂದನ್ನು ಈಗಲೇ ಅರೆದು ಕ್ಯಾಟಲೇಸ್ ನೋಡಿ. ಇನ್ನೊಂದನ್ನು ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ ನೋಡಿ. ಫ್ರೀಜರ್ ಒಳಗೆ ಒಂದು ಲೋಟ ಐಸ್ ಇಟ್ಟು ಅದರ ಮೇಲೆ ಒಂದು ನಾಣ್ಯ ಇಡಿ. ನಾಣ್ಯ ಐಸಿನೊಳಗೆ ಇಳಿದಿದ್ದರೆ ನೀವಿಲ್ಲದಾಗ ಕರಗಿತ್ತು ಅಂತ. ನಮ್ಮ ಲ್ಯಾಬಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಲೋಟ ಇದ್ದೇ ಇರುತ್ತದೆ.

ಆದಷ್ಟು ಮಟ್ಟಿಗೆ ಕ್ಯಾಟಲೇಸನ್ನು ಅದೇ ದಿನ, ಮೊದಲು ಮಾಡಿಬಿಡಿ. ಉಳಿದವು ಕಾಯುತ್ತವೆ.

ಉತ್ತರ: ತೀರ್ಥಹಳ್ಳಿ ಅಕ್ಕ

ಫ್ರೀಜರ್ ವಿಷಯ ಹೇಳಿದ್ದು ಬಹಳ ಒಳ್ಳೆಯದಾಯಿತು. ಮೊದಲು ಅದನ್ನು ನೋಡಿಕೊಳ್ಳಿ, ಆಮೇಲೆ ನನ್ನ ಊಹೆ.

ಚಾರ್‌ಕೋಲ್ ಫೀನಾಲನ್ನು ಹೀರುತ್ತದೆ, ನಿಜ. ಆದರೆ 2,4-ಡಿಯನ್ನೂ ಕೈನೆಟಿನನ್ನೂ ಹೀರುತ್ತದೆ. ಎಷ್ಟು ಹಾರ್ಮೋನ್ ಕ್ಯಾಲಸಿಗೆ ಸಿಕ್ಕಿತು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಎಂಜೈಮ್ ಹೋಲಿಕೆ ಮಾಡುವ ಬಾಟಲಿಗಳಲ್ಲಿ ಅದು ಬೇಡವೇ ಬೇಡ. ಬೇಗ ಬೇಗ ಸಬ್‌ಕಲ್ಚರ್ ಮಾಡಿ, ಕಂದಾದ ಅಂಚನ್ನು ಕತ್ತರಿಸಿ ಬಿಸಾಡಿ, ಅಷ್ಟು ಸಾಕು.

ಪ್ರತಿಕ್ರಿಯೆ: ಹೊಸನಗರ ಕೃಷಿಕ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಂಜೈಮ್ ಲೆಕ್ಕ ನನಗೆ ಪೂರ್ತಿ ತಿಳಿಯಲಿಲ್ಲ. ಆದರೆ ಬಿದಿರು ಅಂದ ಕೂಡಲೇ ಓದಿದೆ. ನಮ್ಮ ಬ್ಯಾಣದ (ಹುಲ್ಲುಗಾವಲಿನ) ಅಂಚಿಗೆ ಬಿದಿರು ಹಾಕಿದ್ದೇವೆ. ಏಣಿಗೆ, ಬೇಲಿಗೆ, ಚಪ್ಪರಕ್ಕೆ ಬೇಕೇ ಬೇಕು. ಕಳಲೆ ಮಂಗ, ಹಂದಿ ಬಿಟ್ಟರೆ ನಮಗೆ. ನಮ್ಮ ಪದ್ಧತಿ ಬುಡ ಕಿತ್ತು ನೆಡುವುದು. ಕೀಳುವುದು ಮಾತ್ರ ಹೆಣಗಾಟ, ಆಳು ಸಿಗುವುದಿಲ್ಲ.

ಈಗ ನರ್ಸರಿಯವರು ಟಿಶ್ಯೂ ಕಲ್ಚರ್ ಗಿಡ ಒಳ್ಳೆಯದು ಅಂತ ಹೇಳುತ್ತಾರೆ. ನನಗಿರುವುದು ಎರಡು ಅನುಮಾನ. ಬಾಟಲಿಯಲ್ಲಿ ಭ್ರೂಣ ಮಾಡಿ ಗಿಡ ಮಾಡುವುದರಿಂದ ನಮಗೇನು ಹೆಚ್ಚು? ಒಂದೇ ಮೆಳೆಯಿಂದ ಸಾವಿರ ಗಿಡ ಮಾಡಿದರೆ, ಅದಕ್ಕೆ ಹೂ ಬಂದ ವರ್ಷ ಎಲ್ಲ ಒಟ್ಟಿಗೆ ಸಾಯುತ್ತವಾ?

ಉತ್ತರ: ತೀರ್ಥಹಳ್ಳಿ ಅಕ್ಕ

ಬಾಯಿ ಹಾಕಿದ್ದು ಒಳ್ಳೆಯದೇ ಆಯಿತು ಅಣ್ಣ. ಈ ಕೆಲಸವೆಲ್ಲ ಕಡೆಗೆ ಹೋಗಿ ಮುಟ್ಟಬೇಕಾದದ್ದು ನಿಮ್ಮ ಬ್ಯಾಣಕ್ಕೇ.

ಮೊದಲು ಒಂದು ವಿಷಯ. ನರ್ಸರಿಯಲ್ಲಿ ಸಿಗುವ ಬಿದಿರಿನ ಟಿಶ್ಯೂ ಕಲ್ಚರ್ ಗಿಡ ಹೆಚ್ಚಾಗಿ ಗೆಣ್ಣಿನ ಮೊಗ್ಗಿನಿಂದ ಮಾಡಿದ್ದು. ಒಂದು ಗೆಣ್ಣು ಇಡುತ್ತಾರೆ, ಅದರಿಂದ ಚಿಗುರು, ಚಿಗುರಿನಿಂದ ಇನ್ನಷ್ಟು ಚಿಗುರು. ಅಲ್ಲಿ ಕಷ್ಟ ಇರುವುದು ಬೇರು ಬರಿಸುವುದರಲ್ಲಿ. ವಯಸ್ಸಾದ ಮೆಳೆಯ ಗೆಣ್ಣಾದರೆ ಚಿಗುರು ಬರುತ್ತದೆ, ಬೇರು ಬಾ ಅಂದರೆ ಬರುವುದಿಲ್ಲ. ಭ್ರೂಣದ ದಾರಿಯಲ್ಲಿ ಆ ಕಷ್ಟ ಇಲ್ಲ. ಭ್ರೂಣ ಅಂದರೆ ಬೇರಿನ ತುದಿ, ಚಿಗುರಿನ ತುದಿ ಎರಡೂ ಹುಟ್ಟುವಾಗಲೇ ಇರುತ್ತವೆ. ಒಂದು ಚೂರು ಕ್ಯಾಲಸ್‌ನಲ್ಲಿ ನೂರಾರು ಏಳಬಹುದು. ಅದಕ್ಕೇ ಜನ ಇದರ ಹಿಂದೆ ಬಿದ್ದಿರುವುದು. ಮುಳ್ಳು ಬಿದಿರಿನಲ್ಲಿ ಇದನ್ನು 1982ರಲ್ಲೇ ದೆಹಲಿ ವಿಶ್ವವಿದ್ಯಾಲಯದವರು ಮಾಡಿ ತೋರಿಸಿದರು. ಆ ತಂಡದಲ್ಲಿ ನಮ್ಮ ಮೈಸೂರು ಮೂಲದ ಮೋಹನ ರಾಮ್ ಇದ್ದರು. 1985ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಕಿರುಬಿದಿರಿನದ್ದೂ ಆಯಿತು. ಈ ತಂಗಿ ಮಾಡುತ್ತಿರುವುದು ಆ ದಾರಿಯ ಮುಂದುವರಿಕೆ.

ಆದರೆ ಒಂದು ಮಾತನ್ನು ನರ್ಸರಿಯವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ಭ್ರೂಣ ಮಾಡಲು ಸುಲಭವಾಗಿ ಒಗ್ಗುವುದು ಬೀಜ. ಬೀಜದ ಗಿಡ ಮುಂದೆ ಹೇಗಾಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಒಂದು ಕೆಟ್ಟ ಬೀಜದಿಂದ ಸಾವಿರ ಗಿಡ ಮಾಡಿದರೆ ಸಾವಿರವೂ ಕೆಟ್ಟವೇ. ನಿಮಗೆ ಬೇಕಾದದ್ದು ನೇರವಾಗಿ, ದಪ್ಪವಾಗಿ ಬೆಳೆದು ತೋರಿಸಿದ ದೊಡ್ಡ ಮೆಳೆಯ ಗಿಡ. ಅದರಿಂದ ಭ್ರೂಣ ಮಾಡುವುದು ಇನ್ನೂ ಕಷ್ಟದ ಕೆಲಸ. ಜೊತೆಗೆ ಕ್ಯಾಲಸನ್ನು ಬಹಳ ಕಾಲ ಬಾಟಲಿಯಲ್ಲೇ ತಿರುವುತ್ತಾ ಹೋದರೆ ಗಿಡಗಳಲ್ಲಿ ವ್ಯತ್ಯಾಸ ಬರುತ್ತದೆ. ಹಸಿರೇ ಇಲ್ಲದ ಬಿಳಿ ಗಿಡಗಳೂ ಏಳುತ್ತವೆ. ಎಂಜೈಮ್ ಲೆಕ್ಕ ಉಪಯೋಗಕ್ಕೆ ಬರುವುದು ಇಲ್ಲಿ. ಯಾವ ಕ್ಯಾಲಸ್ ಭ್ರೂಣ ಕೊಡುತ್ತದೆ, ಯಾವುದು ಕೊಡುವುದಿಲ್ಲ ಅಂತ ಮೊದಲ ವಾರಗಳಲ್ಲೇ ಗೊತ್ತಾದರೆ, ಉಳಿದದ್ದನ್ನು ತಿಂಗಳುಗಟ್ಟಲೆ ಸಾಕುವುದು ತಪ್ಪುತ್ತದೆ. ಸರಿಯಾದ ಅಂಕಿ ಬೇಕು ಅಂತ ನಾನು ಹಟ ಹಿಡಿಯುವುದು ಅದಕ್ಕೇ. ತಪ್ಪು ಗುರುತು ನಂಬಿದರೆ ಒಳ್ಳೆಯ ಕ್ಯಾಲಸ್ ತಿಪ್ಪೆಗೆ ಹೋಗುತ್ತದೆ.

ಹೂವಿನ ವಿಷಯ. ಮುಳ್ಳು ಬಿದಿರಿಗೆ 40ರಿಂದ 50 ವರ್ಷಕ್ಕೊಮ್ಮೆ ಹೂ, ಆಮೇಲೆ ಮೆಳೆ ಒಣಗುತ್ತದೆ. ಕಿರುಬಿದಿರಿನಲ್ಲಿ ಅಲ್ಲೊಂದು ಇಲ್ಲೊಂದು ಮೆಳೆ ನಡುವೆಯೂ ಹೂ ಬಿಡುತ್ತದೆ. ಬುಡ ಕಿತ್ತು ನೆಟ್ಟರೂ, ಗೆಣ್ಣಿನಿಂದ ಬಾಟಲಿಯಲ್ಲಿ ಮಾಡಿದರೂ ಗಿಡ ತಾಯಿಯ ವಯಸ್ಸನ್ನೇ ಹೊತ್ತು ಬರುತ್ತದೆ. ತಾಯಿಗೆ 35 ಆಗಿದ್ದರೆ ನಿಮ್ಮ ಹೊಸ ಗಿಡಕ್ಕೂ ಉಳಿದಿರುವುದು ಸ್ವಲ್ಪ ವರ್ಷವೇ. ಹಾಗಾಗಿ ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ಬೀಜದಿಂದ ಬಂದ ಭ್ರೂಣದ ಗಿಡಕ್ಕೆ ಲೆಕ್ಕ ಹೊಸದಾಗಿ ಶುರು, ಅದೊಂದು ಅನುಕೂಲ.

ಬಾಟಲಿಯಲ್ಲಿ ಈ ಗಡಿಯಾರ ಕೆಲವೊಮ್ಮೆ ಓಡಿಬಿಡುತ್ತದೆ ಅನ್ನೋದೂ ನಿಜ. 1990ರಲ್ಲಿ ಪುಣೆಯ ನ್ಯಾಷನಲ್ ಕೆಮಿಕಲ್ ಲ್ಯಾಬೊರೇಟರಿಯವರು ಬಿಎಪಿ ಅನ್ನೋ ಹಾರ್ಮೋನ್, ತೆಂಗಿನ ನೀರು ಹಾಕಿದ ಮೀಡಿಯಂನಲ್ಲಿ ಮುಳ್ಳು ಬಿದಿರಿನ, ಬರ್ಮಾ ಬಿದಿರಿನ ಎಳೆ ಗಿಡಗಳಲ್ಲಿ ಹೂ ಬರಿಸಿದರು. ಬೀಜವೂ ಕಟ್ಟಿತು. ದಶಕಗಳು ಕಾಯಬೇಕಾದದ್ದು ತಿಂಗಳುಗಳಲ್ಲಿ ಆಯಿತು. ಪ್ರಪಂಚದ ದೊಡ್ಡ ಪತ್ರಿಕೆಗಳಲ್ಲಿ ಸುದ್ದಿಯಾದ ಕೆಲಸ ಅದು. ತಳಿ ಕೂಡಿಸುವವರಿಗೆ ಅದು ವರ, ಗಿಡ ಮಾರುವವರಿಗೆ ಎಚ್ಚರಿಕೆ.

ನಿಮಗೆ ಹತ್ತಿಪ್ಪತ್ತು ಗಿಡ ಸಾಕಾದರೆ ಬುಡ ಕಿತ್ತು ನೆಡಿ, ಚಿಂತೆಯಿಲ್ಲ. ಇಲ್ಲವೇ ದಪ್ಪ ಗೋಡೆಯ ಜಾತಿಗಳಲ್ಲಿ ಗೆಣ್ಣಿರುವ ಗಳದ ತುಂಡು ಮಣ್ಣಿನಲ್ಲಿ ಅಡ್ಡ ಮಲಗಿಸಿದರೂ ಬರುತ್ತದೆ. ಎಕರೆಗಟ್ಟಲೆ ಹಾಕುವುದಾದರೆ ನರ್ಸರಿಯವರನ್ನು ಕೇಳಿ: ಬೀಜದ್ದಾ, ಗೆಣ್ಣಿನದ್ದಾ? ಗೆಣ್ಣಿನದ್ದಾದರೆ ತಾಯಿ ಮೆಳೆ ಎಲ್ಲಿದೆ, ವಯಸ್ಸೆಷ್ಟು? ಒಂದೇ ತಾಯಿಯ ಗಿಡ ಮಾತ್ರ ತರಬೇಡಿ, ನಾಲ್ಕಾರು ಬೇರೆ ಬೇರೆ ತಾಯಿಯದ್ದು ಕಲಸಿ ಹಾಕಿ. ಒಂದಕ್ಕೆ ಹೂ ಬಂದರೂ ಬ್ಯಾಣ ಬೋಳಾಗುವುದಿಲ್ಲ.

ಪ್ರತಿಕ್ರಿಯೆ: ಹೊಸನಗರ ಕೃಷಿಕ

ತಾಯಿಯ ವಯಸ್ಸು ಕೇಳಬೇಕು ಅಂತ ಇದುವರೆಗೆ ಯಾರೂ ಹೇಳಿರಲಿಲ್ಲ. ಉಪಕಾರ ಆಯಿತು ಅಕ್ಕ. ತಂಗಿ, ನಿಮ್ಮ ಗಿಡ ಮಣ್ಣಿಗೆ ಬರುವ ಹಾಗಾದರೆ ಹೇಳಿ, ನೆಟ್ಟು ನೋಡಲು ನಮ್ಮಲ್ಲಿ ಜಾಗ ಇದೆ.

ಪ್ರತಿಕ್ರಿಯೆ: ಕಿರುಬಿದಿರು

ಖಂಡಿತ ಹೇಳುತ್ತೇನೆ ಸರ್. ಭ್ರೂಣದಿಂದ ಬಂದ ಕೆಲವು ಗಿಡಕ್ಕೆ ಬೇರು ಚೆನ್ನಾಗಿದೆ, ಇನ್ನು ಮಣ್ಣಿಗೆ ಹೊಂದಿಸಬೇಕು.

ಫ್ರೀಜರ್ ಪರೀಕ್ಷೆ ಮಾಡಿದೆ. ಒಂದೇ ಕ್ಯಾಲಸ್, ಹಸಿಯಾಗಿ ಅರೆದದ್ದರಲ್ಲಿ ಕ್ಯಾಟಲೇಸ್ ಚೆನ್ನಾಗಿದೆ. ಹೆಪ್ಪುಗಟ್ಟಿಸಿ ಕರಗಿಸಿದ್ದರಲ್ಲಿ ಬಿದ್ದುಹೋಗಿದೆ. ಪೆರಾಕ್ಸಿಡೇಸ್ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಮಳೆಗಾಲದ ಕ್ಯಾಟಲೇಸ್ ಅಂಕಿಗಳನ್ನು ಥೀಸಿಸ್‌ನಿಂದ ತೆಗೆಯುತ್ತೇನೆ, ಯಾಕೆ ತೆಗೆದೆ ಅಂತಲೂ ಬರೆಯುತ್ತೇನೆ.

ಅಕ್ಕಾ, ಕೊನೆಯ ಪ್ರಶ್ನೆ. ಒಟ್ಟು ಮೊತ್ತ ಮಾತ್ರ ಸಿಗುತ್ತದೆ ಅಂದಿರಿ. ಯಾವ ಪೆರಾಕ್ಸಿಡೇಸ್ ಅಂತ ಬಿಡಿಸಿ ನೋಡಲು ಜೆಲ್ (ವಿದ್ಯುತ್ ಹರಿಸಿ ಪ್ರೋಟೀನ್‌ಗಳನ್ನು ಬೇರೆ ಮಾಡುವುದು) ಓಡಿಸಬಹುದಾ? ಇದೇ ಸಾರ ಸಾಕಾ?

ಉತ್ತರ: ತೀರ್ಥಹಳ್ಳಿ ಅಕ್ಕ

ಇದೇ ಸಾರ ಸಾಕು, ಬಣ್ಣ ತಿಳಿ ಇದ್ದರೆ. ನೇಟಿವ್ ಜೆಲ್ ಮಾಡಿ. ಪ್ರೋಟೀನಿನ ಆಕಾರ ಕೆಡಿಸುವ ಎಸ್‌ಡಿಎಸ್ ಹಾಕಬೇಡಿ, ಸ್ಯಾಂಪಲ್ ಕುದಿಸಬೇಡಿ. ಎಂಜೈಮ್ ಜೀವಂತ ಇದ್ದರೆ ಮಾತ್ರ ಬ್ಯಾಂಡ್ ಕಾಣುವುದು. ಎಲ್ಲ ಗುಳಿಗೂ ಒಂದೇ ಪ್ರಮಾಣದ ಪ್ರೋಟೀನ್ ಹಾಕಿ. ಜೆಲ್ಲನ್ನು ಕೋಲ್ಡ್ ರೂಮಿನಲ್ಲೋ ಐಸಿನಲ್ಲೋ ಇಟ್ಟು ಓಡಿಸಿ. ಕೆನೆ ಕ್ಯಾಲಸ್, ಭ್ರೂಣ ಬಂದದ್ದು, ನೀರು ಕ್ಯಾಲಸ್, ಕಂದಾದದ್ದು, ನಾಲ್ಕನ್ನೂ ಅಕ್ಕಪಕ್ಕ ಇಡಿ. ಭ್ರೂಣ ಬಂದದ್ದರಲ್ಲಿ ಮಾತ್ರ ಇರುವ ಬ್ಯಾಂಡ್ ಸಿಕ್ಕಿದರೆ, ನಿಮ್ಮ ಒಟ್ಟು ಪೆರಾಕ್ಸಿಡೇಸ್ ಗ್ರಾಫಿಗಿಂತ ಆ ಒಂದು ಗೆರೆ ಹೆಚ್ಚು ತೂಕದ್ದು. ಧನ ಆವೇಶದ ಪೆರಾಕ್ಸಿಡೇಸ್‌ಗಳು ಮಾಮೂಲಿ ಜೆಲ್ಲಿನೊಳಗೆ ಇಳಿಯುವುದಿಲ್ಲ, ಎದುರು ದಿಕ್ಕಿಗೆ ಹೋಗುತ್ತವೆ. ಕ್ಯಾರೆಟ್‌ನಲ್ಲಿ ಕೆಲಸ ಮಾಡಿದ್ದು ಅಂಥವೇ. ಹಾಗಾಗಿ ಆಸಿಡ್ ಬಫರ್‌ನ ಜೆಲ್ ಒಂದನ್ನು ಬೇರೆಯಾಗಿ ಓಡಿಸಿ, ವಿದ್ಯುತ್ ದಿಕ್ಕು ಅದಲು ಬದಲು ಮಾಡಿ.

ಬಣ್ಣ ಹಾಕುವಾಗ ಜೋಪಾನ. ಹಳೆಯ ಪ್ರೋಟೋಕಾಲ್‌ಗಳಲ್ಲಿ ಬೆಂಜಿಡಿನ್ ಅಂತ ಇರುತ್ತದೆ, ಲ್ಯಾಬಿನ ಮೂಲೆಯಲ್ಲಿ ಹಳೆಯ ಬಾಟಲಿಯೂ ಇರಬಹುದು. ಮುಟ್ಟಬೇಡಿ, ಅದು ಕ್ಯಾನ್ಸರ್ ತರುವ ವಸ್ತು. ಗ್ವಾಯಕಾಲ್, ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಬ್ಯಾಂಡ್ ಬೇಗ ಮಾಸುತ್ತದೆ, ಕಂಡ ಕೂಡಲೇ ಫೋಟೋ ತೆಗೆದುಕೊಳ್ಳಿ. ಫೋಟೋ ಇಲ್ಲಿ ಹಾಕಿದರೆ ನಾನೂ ನೋಡುತ್ತೇನೆ.